ಉಲ್ಕಾಕಣ ಬಡಿದರೆ ಗ್ರಹದ ತೆಳು ಹೊರ ವಾತಾವರಣಕ್ಕೆ ಏನಾಗುತ್ತದೆ? ಪೆನ್ನು, ಪೇಪರ್ ಹಿಡಿದು ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

2013ರ ಡಿಸೆಂಬರ್ 21. ನಾಸಾದ ಮೆಸೆಂಜರ್ ನೌಕೆ ಬುಧ ಗ್ರಹದ ನೆಲದಿಂದ ಸುಮಾರು 5,300 ಕಿ.ಮೀ. ಎತ್ತರದಲ್ಲಿ ಸಾಗುತ್ತಿತ್ತು. ಅಯಾನುಗಳನ್ನು, ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳನ್ನು, ಎಣಿಸುವ ಅದರ ಉಪಕರಣಕ್ಕೆ ಸೋಡಿಯಂ ಮತ್ತು ಸಿಲಿಕಾನ್ ಒಮ್ಮೆಲೇ ಜಾಸ್ತಿ ಸಿಕ್ಕವು. ಅಷ್ಟು ಎತ್ತರದಲ್ಲಿ ಯಾರೂ ನಿರೀಕ್ಷಿಸದಷ್ಟು ಜಾಸ್ತಿ. ಆ ದತ್ತಾಂಶವನ್ನು ಬಿಡಿಸಿ ನೋಡಿದ ವಿಜ್ಞಾನಿಗಳು 2020ರಲ್ಲಿ ಒಂದು ಉತ್ತರ ಕೊಟ್ಟರು: ಸುಮಾರು ಒಂದು ಮೀಟರ್ ಗಾತ್ರದ ಕಲ್ಲೊಂದು ಬುಧದ ನೆಲಕ್ಕೆ ಅಪ್ಪಳಿಸಿತ್ತು.

ಒಂದು ಮೀಟರ್ ಕಲ್ಲು. ಬುಧದ ಅಗಲ 4,880 ಕಿ.ಮೀ. ಇಷ್ಟು ಚಿಕ್ಕ ಕಲ್ಲು ಗ್ರಹದ ವಾತಾವರಣವನ್ನು ಅಲುಗಾಡಿಸುತ್ತದೆ ಅಂದರೆ ನಂಬೋದು ಕಷ್ಟ ಅಲ್ವಾ? ನಂಬಬೇಕಿಲ್ಲ, ಲೆಕ್ಕ ಹಾಕಿ ನೋಡಬಹುದು. ಗುಣಾಕಾರ, ಭಾಗಾಕಾರ, ವರ್ಗಮೂಲ ಗೊತ್ತಿದ್ದರೆ ಸಾಕು. ನಮಗೆ ಸಿಗುವುದು ಅಂದಾಜು ಉತ್ತರ. ಎರಡು ಮೂರು ಪಟ್ಟು ಆಚೀಚೆ ಆಗಬಹುದು. ಆದರೆ ಯಾವುದು ದೊಡ್ಡದು, ಯಾವುದು ಚಿಕ್ಕದು ಅನ್ನುವುದು ತಪ್ಪುವುದಿಲ್ಲ. ಕೊನೆಯಲ್ಲಿ ಇದೇ ಕಲ್ಲಿನ ಲೆಕ್ಕಕ್ಕೆ ವಾಪಸ್ ಬರೋಣ.

ಹಂತ 1: ಇದು ಯಾವ ಬಗೆಯ ವಾತಾವರಣ ಅಂತ ನೋಡಿಕೊಳ್ಳಿ

ಲೆಕ್ಕ ಶುರು ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ. ಇಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆಯೇ?

ನಾವು ಉಸಿರಾಡುವ ಗಾಳಿಯಲ್ಲಿ ಒಂದು ಅಣು ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿಗಿಂತ ಕಡಿಮೆ ದೂರ ಹೋಗುವಷ್ಟರಲ್ಲಿ ಇನ್ನೊಂದಕ್ಕೆ ಬಡಿಯುತ್ತದೆ. ಬುಧದ ನೆಲದ ಹತ್ತಿರ ಒಂದು ಘನ ಸೆಂಟಿಮೀಟರಿನಲ್ಲಿ ಇರುವುದು ಲಕ್ಷದ ಲೆಕ್ಕದ ಪರಮಾಣುಗಳು. ನಮ್ಮ ಗಾಳಿಯಲ್ಲಿ ಅಷ್ಟೇ ಜಾಗಕ್ಕೆ ಸುಮಾರು 25ರ ಮುಂದೆ 18 ಸೊನ್ನೆ ಹಾಕಿದಷ್ಟು ಅಣುಗಳು. ಲಕ್ಷ ಪರಮಾಣು ಇರುವಲ್ಲಿ ಒಂದು ಪರಮಾಣು ಇನ್ನೊಂದಕ್ಕೆ ಬಡಿಯಬೇಕಾದರೆ ಸರಾಸರಿ ಇಪ್ಪತ್ತು ಸಾವಿರ ಕಿ.ಮೀ.ಗೂ ಜಾಸ್ತಿ ಓಡಬೇಕು. ಅದು ಬುಧದ ಅಗಲದ ನಾಲ್ಕು ಪಟ್ಟು. ಹಾಗಾಗಿ ಡಿಕ್ಕಿ ಆಗುವುದೇ ಇಲ್ಲ ಅಂತ ತಿಳಿಯಬಹುದು. ಎಸೆದ ಕಲ್ಲು ಮೇಲೆ ಹೋಗಿ ಕೆಳಗೆ ಬೀಳುವ ಹಾಗೆ ಪ್ರತಿ ಪರಮಾಣುವೂ ತನ್ನ ಪಾಡಿಗೆ ತಾನು ಹಾರಿ ಬೀಳುತ್ತದೆ. ಇಂಥ ವಾತಾವರಣಕ್ಕೆ ಎಕ್ಸೋಸ್ಫಿಯರ್ ಎಂದು ಹೆಸರು.

ಭೂಮಿಗೂ ಎಕ್ಸೋಸ್ಫಿಯರ್ ಇದೆ. ಆದರೆ ಅದು ನೂರಾರು ಕಿ.ಮೀ. ಮೇಲೆ, ದಪ್ಪ ಗಾಳಿಯ ನೆತ್ತಿಯ ಮೇಲಿದೆ. ಬುಧ ಮತ್ತು ಚಂದ್ರನಲ್ಲಿ ಅದು ನೆಲದಿಂದಲೇ ಶುರುವಾಗುತ್ತದೆ. ಬರುವ ಕಣಕ್ಕೂ ನೆಲಕ್ಕೂ ಮಧ್ಯೆ ಅಡ್ಡ ನಿಲ್ಲುವವರು ಯಾರೂ ಇಲ್ಲ. ಈ ಮಾರ್ಗದರ್ಶಿ ಇರುವುದು ಇಂಥ ಜಾಗಗಳಿಗೆ.

ಮಂಗಳ, ಭೂಮಿಯಂಥ ಗ್ರಹಗಳಿಗೆ ದಾರಿ ಬೇರೆ. ಅಲ್ಲಿ ಕಣ ನೆಲ ಮುಟ್ಟುವ ಮೊದಲೇ ಉರಿದು ತನ್ನ ಲೋಹವನ್ನು ಮೇಲಿನ ಗಾಳಿಯಲ್ಲಿ ಬಿಟ್ಟುಹೋಗುತ್ತದೆ. 2014ರ ಅಕ್ಟೋಬರ್ 19ರಂದು ಸೈಡಿಂಗ್ ಸ್ಪ್ರಿಂಗ್ ಧೂಮಕೇತು ಮಂಗಳದಿಂದ ಸುಮಾರು 1,40,000 ಕಿ.ಮೀ. ದೂರದಲ್ಲಿ ಹಾದುಹೋಯಿತು. ಅದರ ದೂಳು ಸೆಕೆಂಡಿಗೆ 56 ಕಿ.ಮೀ. ವೇಗದಲ್ಲಿ ಮಂಗಳದ ಗಾಳಿಗೆ ನುಗ್ಗಿತು. ಮಂಗಳವನ್ನು ಸುತ್ತುತ್ತಿದ್ದ ನಾಸಾದ ಮೇವನ್ ನೌಕೆಗೆ ಆಗ ಮೆಗ್ನೀಸಿಯಂ, ಕಬ್ಬಿಣದ ಅಯಾನುಗಳು ಹೊಳೆಯುವುದು ಕಂಡಿತು. ಅದು ಸೊಗಸಾದ ಕಥೆ. ಆದರೆ ಅಲ್ಲಿ ನೆಲದ ಪಾತ್ರವೇ ಇಲ್ಲ, ಹಾಗಾಗಿ ಮುಂದಿನ ಹಂತಗಳು ಅದಕ್ಕೆ ಹೊಂದುವುದಿಲ್ಲ.

ಹಂತ 2: ಯಾವ ಬಗೆಯ ಬಡಿತ?

ಮೂರು ಬಗೆ ಇವೆ. ಬೇರೆ ಬೇರೆ ಇಟ್ಟುಕೊಳ್ಳಿ.

ಮೊದಲನೆಯದು ಸದಾ ಸುರಿಯುವ ಸಣ್ಣ ದೂಳು. ಮರಳಿನ ಕಾಳಿಗಿಂತ ಚಿಕ್ಕ ಕಣಗಳು. ಇದು ಎಂದೂ ನಿಲ್ಲುವುದಿಲ್ಲ. ಎರಡನೆಯದು ಧೂಮಕೇತು ಬಿಟ್ಟುಹೋದ ದೂಳಿನ ಪಟ್ಟಿ. ಗ್ರಹ ಪ್ರತಿ ವರ್ಷ ಅದೇ ಜಾಗದಲ್ಲಿ ಅದನ್ನು ದಾಟುತ್ತದೆ. ಭೂಮಿಯ ಮೇಲೆ ನಿಂತವರಿಗೆ ಅದೇ ಉಲ್ಕಾಮಳೆ. ಮೂರನೆಯದು ಯಾವಾಗಲೋ ಒಮ್ಮೆ ಬಂದು ಬೀಳುವ ದೊಡ್ಡ ಕಲ್ಲು. 2013ರ ಮಾರ್ಚ್ 17ರಂದು ಚಂದ್ರನಿಗೆ ಬಡಿದ ಒಂದು ಕಲ್ಲಿನ ಮಿಂಚನ್ನು ಭೂಮಿಯ ದೂರದರ್ಶಕ ಸೆರೆಹಿಡಿಯಿತು. ಆಮೇಲೆ ಚಂದ್ರನನ್ನು ಸುತ್ತುವ ನಾಸಾದ ಎಲ್‌ಆರ್‌ಒ ನೌಕೆ ಅಲ್ಲಿ 18 ಮೀಟರ್ ಅಗಲದ ಹೊಸ ಕುಳಿಯ ಚಿತ್ರ ತೆಗೆಯಿತು.

ವಾತಾವರಣವನ್ನು ದಿನನಿತ್ಯ ಸಾಕುವುದು ಮೊದಲನೆಯದು. ಋತು ತರುವುದು ಎರಡನೆಯದು. ಮೂರನೆಯದು ಬರೀ ಕೆಲವು ಗಂಟೆಗಳ ಗದ್ದಲ.

ಹಂತ 3: ಬಡಿಯುವ ವೇಗ

ಇಡೀ ಲೆಕ್ಕದಲ್ಲಿ ಅತಿ ಮುಖ್ಯ ಸಂಖ್ಯೆ ಇದು. ಇಲ್ಲಿ ಅವಸರ ಬೇಡ.

ಬುಧನ ಕಕ್ಷೆ ಉದ್ದನೆಯ ಅಂಡಾಕಾರದ್ದು. ಭೂಮಿ ಮತ್ತು ಸೂರ್ಯನ ನಡುವಿನ ದೂರವನ್ನು 1 ಎಂದುಕೊಂಡರೆ, ಬುಧ 0.307ರಷ್ಟು ಹತ್ತಿರ ಬಂದು 0.467ರಷ್ಟು ದೂರ ಹೋಗುತ್ತದೆ. ಹತ್ತಿರ ಬಂದಾಗ ಅದರ ಓಟ ಸೆಕೆಂಡಿಗೆ 59 ಕಿ.ಮೀ. ದೂರ ಇದ್ದಾಗ 39 ಕಿ.ಮೀ. ಬರೀ 88 ದಿನದ ಒಂದು ಸುತ್ತಿನಲ್ಲಿ ಇಷ್ಟೊಂದು ವ್ಯತ್ಯಾಸ.

ಇನ್ನು ದೂಳಿನ ವೇಗ. ಭೂಮಿಯ ದೂರದಲ್ಲಿ ಸೂರ್ಯನ ಹಿಡಿತ ತಪ್ಪಿಸಿಕೊಳ್ಳಲು ಬೇಕಾದ ವೇಗ ಸೆಕೆಂಡಿಗೆ 42.1 ಕಿ.ಮೀ. ಬೇರೆ ದೂರಕ್ಕೆ ಅದನ್ನು ದೂರದ ವರ್ಗಮೂಲದಿಂದ ಭಾಗಿಸಿ. 0.307ರ ವರ್ಗಮೂಲ 0.554. ಭಾಗಿಸಿದರೆ 76 ಬರುತ್ತದೆ. ಸೌರವ್ಯೂಹಕ್ಕೆ ಸೇರಿದ ಯಾವ ಕಣವೂ ಅಲ್ಲಿ ಇದಕ್ಕಿಂತ ಜೋರಾಗಿ ಓಡುವುದಿಲ್ಲ.

ಈಗ ಎರಡೂ ಮುಖಾಮುಖಿ ಆದರೆ? 59ಕ್ಕೆ 76 ಕೂಡಿಸಿ. ಸೆಕೆಂಡಿಗೆ 135 ಕಿ.ಮೀ. ಇದು ಗರಿಷ್ಠ ಮಿತಿ. ಹಿಂದಿನಿಂದ ಅಟ್ಟಿಸಿಕೊಂಡು ಬರುವ ಕಣ ಮಾತ್ರ ತೀರಾ ನಿಧಾನವಾಗಿ ಬಡಿಯುತ್ತದೆ. ಹೆಚ್ಚಿನ ಕಣಗಳು ಇವೆರಡರ ನಡುವೆ ಎಲ್ಲೋ ಇರುತ್ತವೆ. ನಮ್ಮ ಲೆಕ್ಕಕ್ಕೆ 20, 35, 60 ಎಂಬ ಮೂರು ವೇಗಗಳನ್ನು ಇಟ್ಟುಕೊಳ್ಳೋಣ.

ದಿಕ್ಕನ್ನೂ ಬರೆದಿಟ್ಟುಕೊಳ್ಳಿ. ಮಳೆಯಲ್ಲಿ ಬೈಕ್ ಓಡಿಸಿದರೆ ಬೆನ್ನಿಗಿಂತ ಎದೆಯೇ ಜಾಸ್ತಿ ನೆನೆಯುತ್ತದೆ. ಗ್ರಹಕ್ಕೂ ಹಾಗೇ. ಓಡುವ ದಿಕ್ಕಿಗೆ ಮುಖ ಮಾಡಿದ ಬದಿಗೆ ಏಟು ಜಾಸ್ತಿ, ಮತ್ತು ಆ ಏಟಿನ ವೇಗವೂ ಜಾಸ್ತಿ. ಬುಧ, ಭೂಮಿ, ಚಂದ್ರ ಮೂರಕ್ಕೂ ಆ ಬದಿ ಅಂದರೆ ಬೆಳಗಾಗುತ್ತಿರುವ ಬದಿ. ಚಂದ್ರನ ವಿಷಯದಲ್ಲಿ ಗೊಂದಲ ಬೇಡ: ಅದು ಭೂಮಿಯನ್ನು ಸುತ್ತುವ ವೇಗ ಸೆಕೆಂಡಿಗೆ ಬರೀ 1 ಕಿ.ಮೀ. ಭೂಮಿಯ ಜೊತೆ ಸೂರ್ಯನನ್ನು ಸುತ್ತುವ 30 ಕಿ.ಮೀ. ವೇಗವೇ ಇಲ್ಲಿ ಲೆಕ್ಕಕ್ಕೆ ಬರುವುದು.

ಹಂತ 4: ಶಕ್ತಿಯಿಂದ ಆವಿಗೆ

ಒಂದು ಸುಲಭ ಸೂತ್ರ. ವೇಗವನ್ನು ಸೆಕೆಂಡಿಗೆ ಇಷ್ಟು ಕಿ.ಮೀ. ಅಂತ ಬರೆಯಿರಿ. ಅದನ್ನು ಅದರಿಂದಲೇ ಗುಣಿಸಿ ಅರ್ಧ ಮಾಡಿ. ಬಂದ ಸಂಖ್ಯೆ ಒಂದು ಕೆ.ಜಿ. ಕಣದಲ್ಲಿ ಎಷ್ಟು ಮೆಗಾಜೂಲ್ ಶಕ್ತಿ ಇದೆ ಅನ್ನುವುದನ್ನು ನೇರವಾಗಿ ಹೇಳುತ್ತದೆ.

20 ಆದರೆ 200 ಮೆಗಾಜೂಲ್. ಒಂದು ಕೆ.ಜಿ. ಟಿಎನ್‌ಟಿ ಸಿಡಿದರೆ ಸಿಗುವುದು 4.2. ಅಂದರೆ ಕಲ್ಲು ತನ್ನ ತೂಕದ ಸುಮಾರು 48 ಪಟ್ಟು ಟಿಎನ್‌ಟಿಯ ಹಾಗೆ ವರ್ತಿಸುತ್ತದೆ. ಅದರಲ್ಲಿ ಸಿಡಿಮದ್ದು ಇರಬೇಕಾಗಿಯೇ ಇಲ್ಲ. ವೇಗವೇ ಸಿಡಿಮದ್ದು.

ಈಗ ಬಂಡೆಯನ್ನು ಆವಿ ಮಾಡಲು ಏನು ಬೇಕು ನೋಡಿ. ಕೆ.ಜಿ.ಗೆ ಸುಮಾರು 15 ಮೆಗಾಜೂಲ್ ಎಂದು ಇಟ್ಟುಕೊಳ್ಳಿ. ಬಂದ ಶಕ್ತಿಯೆಲ್ಲ ಆವಿಗೆ ಹೋಗುವುದಿಲ್ಲ. ಕುಳಿ ತೋಡಲು, ಮಣ್ಣು ಎಸೆಯಲು, ಬಂಡೆ ಕರಗಿಸಲು ಒಂದಿಷ್ಟು ಖರ್ಚಾಗುತ್ತದೆ. ಕಾಲು ಭಾಗ ಆವಿಗೆ ಹೋಯಿತು ಅಂದುಕೊಳ್ಳೋಣ. ಈ ಕಾಲು ಭಾಗ ನನ್ನ ಊಹೆ. ಏಟಿನ ಕೋನ, ಮಣ್ಣಿನ ಸಡಿಲತೆ ಬದಲಾದರೆ ಅದೂ ಬದಲಾಗುತ್ತದೆ. ನೀವು ಬೇರೆ ಸಂಖ್ಯೆ ಹಾಕಿ ನೋಡಬಹುದು, ಹಾಕಿ ನೋಡಲೇಬೇಕು.

20 ಕಿ.ಮೀ. ವೇಗದಲ್ಲಿ: 200ರ ಕಾಲು ಭಾಗ 50. ಅದನ್ನು 15ರಿಂದ ಭಾಗಿಸಿದರೆ 3.3. ಬಂದ ಕಣದ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ ತೂಕದ ಆವಿ ಏಳುತ್ತದೆ. 35 ಆದರೆ ಸುಮಾರು 10 ಪಟ್ಟು. 60 ಆದರೆ 30 ಪಟ್ಟು. ವೇಗ ಮೂರು ಪಟ್ಟಾದರೆ ಆವಿ ಒಂಬತ್ತು ಪಟ್ಟು. ಹಂತ 3ರಲ್ಲಿ ಅವಸರ ಬೇಡ ಅಂದದ್ದು ಇದಕ್ಕೇ.

ಇನ್ನೊಂದು ಮಾತು. ಏಳುವ ಆವಿಯಲ್ಲಿ ಹೊರಗಿನಿಂದ ಬಂದ ಕಣದ ಪಾಲು ಚಿಕ್ಕದು, ಗ್ರಹದ ಸ್ವಂತ ಮಣ್ಣಿನ ಪಾಲೇ ದೊಡ್ಡದು. ಉಲ್ಕಾಕಣ ವಾತಾವರಣವನ್ನು ಹೊತ್ತು ತರುವುದಿಲ್ಲ. ನೆಲದೊಳಗೆ ಇದ್ದುದನ್ನು ಎಬ್ಬಿಸುತ್ತದೆ. ಆದ್ದರಿಂದ ಎಕ್ಸೋಸ್ಫಿಯರ್ ಅಳೆಯುವುದು ಅಂದರೆ ಒಂದು ಲೆಕ್ಕದಲ್ಲಿ ಇಳಿಯದೆಯೇ ನೆಲದ ಮಣ್ಣು ಪರೀಕ್ಷೆ ಮಾಡಿದ ಹಾಗೆ. ನನಗೆ ಈ ವಿಷಯದಲ್ಲಿ ತುಂಬ ಹಿಡಿಸಿದ್ದು ಇದೇ.

ಸೂತ್ರ ಸರಿಯಾಗಿ ಕೈಗೆ ಬಂತೇ ಅಂತ ನೋಡಲು ಒಂದು ಚಿಕ್ಕ ಅಭ್ಯಾಸ. ಇಂಧನ ಮುಗಿದ ಮೆಸೆಂಜರ್ 2015ರ ಏಪ್ರಿಲ್ 30ರಂದು ಬುಧಕ್ಕೆ ಬಡಿಯಿತು. ಅದರ ವೇಗ ಸೆಕೆಂಡಿಗೆ ಸುಮಾರು 3.9 ಕಿ.ಮೀ. ವರ್ಗ ಮಾಡಿ ಅರ್ಧ ಮಾಡಿದರೆ 7.6 ಮೆಗಾಜೂಲ್. ತನ್ನಷ್ಟೇ ತೂಕದ ಬಂಡೆಯನ್ನು ಆವಿ ಮಾಡಲು ಬೇಕಾದ 15ರ ಅರ್ಧ ಮಾತ್ರ. ಇಡೀ ನೌಕೆ ಬಿದ್ದರೂ ಕುಳಿ ಬಿದ್ದಿತೇ ಹೊರತು, ಅದೇ ತೂಕದ ಉಲ್ಕೆ ಎಬ್ಬಿಸುವಷ್ಟು ಆವಿ ಏಳುವುದು ಸಾಧ್ಯವಿರಲಿಲ್ಲ.

ಹಂತ 5: ಆವಿಯಲ್ಲಿ ಏನಿದೆ ಅಂತ ಎಣಿಸಿ

ಒಂದು ಗ್ರಾಂ ಕಣ, 20 ಕಿ.ಮೀ. ವೇಗ ಅಂತ ಇಟ್ಟುಕೊಳ್ಳಿ. ಆವಿ 3.3 ಗ್ರಾಂ. ಬುಧದ ಮಣ್ಣಿನಲ್ಲಿ ತೂಕದ ಸುಮಾರು ನೂರಕ್ಕೆ 3 ಪಾಲು ಸೋಡಿಯಂ. ಹಾಗಾದರೆ ಸೋಡಿಯಂ 0.1 ಗ್ರಾಂ. 23 ಗ್ರಾಂ ಸೋಡಿಯಂನಲ್ಲಿ 6ರ ಮುಂದೆ 23 ಸೊನ್ನೆ ಹಾಕಿದಷ್ಟು ಪರಮಾಣು ಇರುತ್ತವೆ. ಅಲ್ಲಿಗೆ ನಮ್ಮ 0.1 ಗ್ರಾಂನಲ್ಲಿ 26ರ ಮುಂದೆ 20 ಸೊನ್ನೆ.

ನೆಲದ ಹತ್ತಿರ ಘನ ಸೆಂಟಿಮೀಟರಿಗೆ ಲಕ್ಷ ಅಂತ ಮೊದಲು ನೋಡಿದೆವು. ಅದೇ ದಟ್ಟಣೆಯಲ್ಲಿ ಹರಡಿದರೆ ಈ ಒಂದು ಗ್ರಾಂ ಕಣ ಎಬ್ಬಿಸಿದ ಸೋಡಿಯಂ ಸುಮಾರು 26 ಘನ ಕಿಲೋಮೀಟರ್ ಜಾಗ ತುಂಬುತ್ತದೆ. ಒಂದು ಗ್ರಾಂಗೆ!

ಎಲ್ಲ ಧಾತುಗಳೂ ಒಂದೇ ರೀತಿ ಹೊರಡುವುದಿಲ್ಲ. ಸೋಡಿಯಂ, ಪೊಟ್ಯಾಸಿಯಂ ಸುಲಭವಾಗಿ ಹಾರುತ್ತವೆ. ಕ್ಯಾಲ್ಸಿಯಂ ಹಟಮಾರಿ. ಆವಿ ತಣಿಯುವಾಗ ಅದು ಆಮ್ಲಜನಕದ ಜೊತೆ ಅಂಟಿಕೊಂಡು ಅಣುವಾಗಿಬಿಡುತ್ತದೆ. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

ಚಂದ್ರನಲ್ಲಿ ಇದೇ ಹಂತಕ್ಕೆ ಒಂದು ಅಚ್ಚರಿಯ ಸೇರ್ಪಡೆ ಇದೆ: ನೀರು. ಲಾಡೀ ಎಂಬ ನೌಕೆ 2013 ಮತ್ತು 2014ರಲ್ಲಿ ಚಂದ್ರನ ಸುತ್ತ ಇದ್ದಾಗ ಆಗಾಗ ನೀರಿನ ಆವಿ ಎದ್ದದ್ದನ್ನು ಕಂಡಿತು. ದಿನಾಂಕ ಹೊಂದಿಸಿ ನೋಡಿದಾಗ ಅವು 29 ಪರಿಚಿತ ಉಲ್ಕಾಪ್ರವಾಹಗಳ ದಿನಗಳಿಗೆ ಕೂಡಿಬಂದವು. 2019ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳುವ ಪ್ರಕಾರ ಚಂದ್ರನ ಮೇಲಿನ 8 ಸೆಂ.ಮೀ. ಮಣ್ಣು ಒಣಗಿದೆ. ಅದರ ಕೆಳಗೆ ಅತ್ಯಲ್ಪ ತೇವ ಇದೆ. 8 ಸೆಂ.ಮೀ. ಕೊರೆಯುವಷ್ಟು ದೊಡ್ಡ ಕಣ ಬಂದಾಗ ಮಾತ್ರ ನೀರು ಏಳುತ್ತದೆ. ಸದಾ ಸುರಿಯುವ ಸಣ್ಣ ದೂಳಿಗೆ ಆ ಆಳ ಸಿಗುವುದಿಲ್ಲ.

ಹಂತ 6: ಎಷ್ಟು ಎತ್ತರ ಹಾರುತ್ತದೆ?

ಆವಿಯ ತಾಪಮಾನ 4,000 ಕೆಲ್ವಿನ್ (ಸುಮಾರು 3,700 ಡಿಗ್ರಿ ಸೆಲ್ಸಿಯಸ್) ಎಂದು ಹಿಡಿಯಿರಿ. ಪರಮಾಣುವಿನ ವೇಗಕ್ಕೆ ಸೂತ್ರ ಹೀಗೆ: ತಾಪಮಾನವನ್ನು ಪರಮಾಣು ತೂಕದಿಂದ ಭಾಗಿಸಿ, ವರ್ಗಮೂಲ ತೆಗೆದು, 158ರಿಂದ ಗುಣಿಸಿ. ಉತ್ತರ ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ. ಸೋಡಿಯಂಗೆ 4,000 ಭಾಗಿಸು 23, ಅಂದರೆ 174. ವರ್ಗಮೂಲ 13.2. ಗುಣಿಸಿದರೆ ಸುಮಾರು 2,100. ಸೆಕೆಂಡಿಗೆ 2.1 ಕಿ.ಮೀ.

ಎತ್ತರಕ್ಕೆ ಇನ್ನೊಂದು ಸೂತ್ರ. ಈ ವೇಗವನ್ನು ಗ್ರಹದ ವಿಮೋಚನಾ ವೇಗದಿಂದ (ಗ್ರಹದ ಹಿಡಿತ ಪೂರ್ತಿ ತಪ್ಪಿಸಿಕೊಳ್ಳಲು ಬೇಕಾದ ವೇಗ) ಭಾಗಿಸಿ ವರ್ಗ ಮಾಡಿ. ಬಂದ ಸಂಖ್ಯೆಯನ್ನು 1ರಿಂದ ಕಳೆಯಿರಿ. ಉಳಿದದ್ದರಿಂದ ಆ ಸಂಖ್ಯೆಯನ್ನು ಭಾಗಿಸಿ, ಗ್ರಹದ ತ್ರಿಜ್ಯದಿಂದ ಗುಣಿಸಿ. ನೆಟ್ಟಗೆ ಮೇಲೆ ಹಾರಿದ ಪರಮಾಣು ಅಷ್ಟು ಎತ್ತರ ಹೋಗುತ್ತದೆ.

ಬುಧಕ್ಕೆ ವಿಮೋಚನಾ ವೇಗ 4.25, ತ್ರಿಜ್ಯ 2,440. ಮೊದಲ ಭಾಗಾಕಾರದ ವರ್ಗ 0.244. ಎತ್ತರ ಸುಮಾರು 800 ಕಿ.ಮೀ. ಚಂದ್ರನಿಗೆ ವಿಮೋಚನಾ ವೇಗ 2.38, ತ್ರಿಜ್ಯ 1,737. ಅಲ್ಲಿ ವರ್ಗ 0.779. ಎತ್ತರ ಸುಮಾರು 6,000 ಕಿ.ಮೀ.! ಅದೇ ಆವಿ, ಅದೇ ಬಿಸಿ. ಬುಧ ಎಳೆದು ಕೆಳಗೆ ಹಾಕುತ್ತದೆ, ಚಂದ್ರನ ಕೈಯಿಂದ ಹೆಚ್ಚುಕಡಿಮೆ ಜಾರಿಹೋಗುತ್ತದೆ. 2.1 ಅನ್ನುವುದು ಸರಾಸರಿಯಂಥ ವೇಗ. ಅದಕ್ಕಿಂತ ಸ್ವಲ್ಪ ಚುರುಕಾಗಿರುವ ಪರಮಾಣುಗಳು ಚಂದ್ರನಿಂದ ಪಾರಾಗಿಬಿಡುತ್ತವೆ.

ಇದು ಬರೀ ಕಾಗದದ ಮಾತಲ್ಲ. 1998ರ ನವೆಂಬರಿನಲ್ಲಿ ಸಿಂಹ ರಾಶಿಯ ಲಿಯೊನಿಡ್ ಉಲ್ಕಾಮಳೆ ಬಂತು. ಅದರ ಕಣಗಳ ವೇಗ ಸೆಕೆಂಡಿಗೆ ಸುಮಾರು 71 ಕಿ.ಮೀ. ಅದಾದ ಮೇಲೆ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳಲ್ಲಿ ಟೆಕ್ಸಸ್‌ನ ಮೆಕ್‌ಡೊನಾಲ್ಡ್ ವೀಕ್ಷಣಾಲಯದ ಕ್ಯಾಮೆರಾಗೆ ಆಕಾಶದಲ್ಲಿ ಸೋಡಿಯಂನ ಒಂದು ಮಂಕು ಮಚ್ಚೆ ಕಂಡಿತು. ಬರಿಗಣ್ಣಿಗೆ ಕಾಣದಷ್ಟು ಮಂಕು. ಅದು ಚಂದ್ರನಿಂದ ತಪ್ಪಿಸಿಕೊಂಡ ಸೋಡಿಯಂ. ಸೂರ್ಯನ ಬೆಳಕು ತಳ್ಳಿಕೊಂಡು ಬಂದು, ಭೂಮಿಯ ಗುರುತ್ವ ಅದನ್ನು ಒಟ್ಟುಗೂಡಿಸಿತ್ತು. ನಾವು ಚಂದ್ರನ ಬಾಲದೊಳಗೆ ಇದ್ದೆವು.

ಹಂತ 7: ಎಷ್ಟು ಹೊತ್ತು ಉಳಿಯುತ್ತದೆ?

ಈ ಹಂತವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನಿಜವಾಗಿ ಇಲ್ಲೇ ಎಲ್ಲ ಅಡಗಿದೆ.

ತೂತು ಬಿದ್ದ ಬಕೆಟ್ಟನ್ನು ನಲ್ಲಿ ಕೆಳಗೆ ಇಟ್ಟರೆ ನೀರು ಒಂದು ಮಟ್ಟಕ್ಕೆ ನಿಲ್ಲುತ್ತದೆ. ನಲ್ಲಿ ಎಷ್ಟು ಜೋರು, ತೂತು ಎಷ್ಟು ದೊಡ್ಡದು ಅನ್ನುವುದರ ಮೇಲೆ ಆ ಮಟ್ಟ ನಿಂತಿದೆ. ಎಕ್ಸೋಸ್ಫಿಯರ್ ಅಂದರೆ ಈ ಬಕೆಟ್. ಬುಧದ ಇಡೀ ವಾತಾವರಣದ ತೂಕ 10 ಟನ್‌ಗಿಂತ ಕಡಿಮೆ ಎನ್ನುವುದು ನಾಸಾದ ಅಂದಾಜು. ಒಂದು ಲಾರಿ ಹೊರುವಷ್ಟು. ಅಷ್ಟೇ ಇದ್ದೂ ಅದು ಖಾಲಿಯಾಗದಿರುವುದಕ್ಕೆ ಕಾರಣ ಮೇಲಿನ ನಲ್ಲಿ ನಿಲ್ಲದಿರುವುದು. ಹಾಗಾಗಿ ಸೂತ್ರ: ಒಟ್ಟು ಇರುವುದು ಅಂದರೆ ಸೆಕೆಂಡಿಗೆ ಬರುವುದು ಗುಣಿಸು ಉಳಿಯುವ ಸೆಕೆಂಡು.

ತೂತು ಯಾವುದು? ಮುಖ್ಯವಾಗಿ ಸೂರ್ಯನ ಬೆಳಕು. ಅದು ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಕಿತ್ತು ಅಯಾನು ಮಾಡುತ್ತದೆ. ಅಯಾನು ಆದ ಕೂಡಲೇ ಸೌರಮಾರುತ (ಸೂರ್ಯನಿಂದ ಸದಾ ಬೀಸುವ ವಿದ್ಯುದಂಶವುಳ್ಳ ಕಣಗಳ ಹರಿವು) ಮತ್ತು ಕಾಂತಕ್ಷೇತ್ರ ಅದನ್ನು ಹಿಡಿದು ಎಳೆಯುತ್ತವೆ. ಭೂಮಿಯ ದೂರದಲ್ಲಿ ಸೋಡಿಯಂ ಹೀಗೆ ಒಂದೆರಡು ದಿನ ಬಾಳುತ್ತದೆ. 40 ಗಂಟೆ ಎಂದು ಇಟ್ಟುಕೊಂಡು, ಬುಧಕ್ಕೆ ದೂರದ ವರ್ಗದಿಂದ ಗುಣಿಸಿ. ಹತ್ತಿರದ ತುದಿಯಲ್ಲಿ 4 ಗಂಟೆಗೂ ಕಡಿಮೆ, ದೂರದ ತುದಿಯಲ್ಲಿ 9 ಗಂಟೆ. ಕ್ಯಾಲ್ಸಿಯಂ ಬುಧದಲ್ಲಿ ಒಂದು ಗಂಟೆಯೂ ಬಾಳುವುದಿಲ್ಲ.

ಈಗ ಕ್ಯಾಲ್ಸಿಯಂ ಲೆಕ್ಕವನ್ನು ಹಿಂದುಮುಂದಾಗಿ ಮಾಡೋಣ. ಮೆಸೆಂಜರ್ ಕಂಡ ಹೊಳಪನ್ನು ವಿವರಿಸಲು ಸೆಕೆಂಡಿಗೆ 1ರ ಮುಂದೆ 23 ಸೊನ್ನೆಯ ಆಸುಪಾಸಿನಲ್ಲಿ ಕ್ಯಾಲ್ಸಿಯಂ ಪರಮಾಣುಗಳು ಬೇಕು. ತೂಕಕ್ಕೆ ತಿರುಗಿಸಿದರೆ? ಸೆಕೆಂಡಿಗೆ ಬರೀ 6.6 ಗ್ರಾಂ. ಒಂದು ಚಮಚದಷ್ಟು. ಅರ್ಧ ಗಂಟೆ ಬಾಳಿದರೆ ಯಾವುದೇ ಕ್ಷಣದಲ್ಲಿ ಇಡೀ ಬುಧದ ಸುತ್ತ ಇರುವ ಕ್ಯಾಲ್ಸಿಯಂ 12 ಕೆ.ಜಿ. ಅಷ್ಟನ್ನೇ ನಮ್ಮ ಉಪಕರಣಗಳು ನೋಡುತ್ತಿವೆ.

ಇಷ್ಟಕ್ಕೆ ಎಷ್ಟು ದೂಳು ಬೇಕು? ಮಣ್ಣಿನಲ್ಲಿ ಕ್ಯಾಲ್ಸಿಯಂ ನೂರಕ್ಕೆ ನಾಲ್ಕೈದು ಪಾಲು ಎಂದರೆ ಸೆಕೆಂಡಿಗೆ 150 ಗ್ರಾಂ ಆವಿ ಬೇಕು. 35 ಕಿ.ಮೀ. ವೇಗದ ಕಣ ತನ್ನ 10 ಪಟ್ಟು ಆವಿ ಎಬ್ಬಿಸುತ್ತದೆ. ಹಾಗಾದರೆ ಸೆಕೆಂಡಿಗೆ 15 ಗ್ರಾಂ ದೂಳು, ದಿನಕ್ಕೆ 1.3 ಟನ್. ಕ್ಯಾಲ್ಸಿಯಂ ಎಲ್ಲವೂ ಬಿಡಿ ಪರಮಾಣು ಆಗುವುದಿಲ್ಲವಾದ್ದರಿಂದ ನಿಜವಾಗಿ ಇನ್ನೂ ಜಾಸ್ತಿ ಬೇಕು. ಆದರೂ ಒಂದು ಇಡೀ ಗ್ರಹಕ್ಕೆ ಇದು ಟನ್ನುಗಳ ಮಾತೇ ಹೊರತು ಸಾವಿರಾರು ಟನ್ನುಗಳದ್ದಲ್ಲ.

ಹಂತ 8: ಬೇರೆ ಕಾರಣಗಳನ್ನು ಬೇರ್ಪಡಿಸಿ

ನೆಲದಿಂದ ಪರಮಾಣು ಏಳಲು ಉಲ್ಕೆಯೊಂದೇ ಕಾರಣವಲ್ಲ. ಬಿಸಿಗೆ ಸುಮ್ನೆ ಹಾರಬಹುದು. ಬೆಳಕಿನ ಏಟಿಗೆ ಕಳಚಬಹುದು. ಸೌರಮಾರುತದ ಅಯಾನು ಬಡಿದು ಕಿತ್ತುಹಾಕಬಹುದು.

ಗುರುತಿಸುವ ದಾರಿ ತಾಪಮಾನ. ಬುಧದ ಸೋಡಿಯಂ ಸುಮಾರು 1,200 ಕೆಲ್ವಿನ್ ಇರುವಂತೆ ಕಾಣುತ್ತದೆ. ನೆಲಕ್ಕಿಂತ ಬಿಸಿ, ಉಲ್ಕೆಯ ಆವಿಗಿಂತ ತಂಪು. ಆದ್ದರಿಂದ ಹಗಲಿನ ಸೋಡಿಯಂನ ಬಹುಪಾಲು ಬೆಳಕು ಕಳಚಿದ್ದು ಎಂದು ಒಪ್ಪಲಾಗಿದೆ. ಕ್ಯಾಲ್ಸಿಯಂ ಹಾಗಲ್ಲ. ಬಿಸಿಲಿಗೆ, ಬೆಳಕಿಗೆ ಅದು ಜಗ್ಗುವುದಿಲ್ಲ. ಕಂಡಿರುವ ಕ್ಯಾಲ್ಸಿಯಂ ಹತ್ತಾರು ಸಾವಿರ ಕೆಲ್ವಿನ್ ಬಿಸಿಯದು. 70,000 ಎಂದು ಹಾಕಿ ನಮ್ಮ ಸೂತ್ರದಲ್ಲಿ ನೋಡಿ: ಸೆಕೆಂಡಿಗೆ 6.6 ಕಿ.ಮೀ., ವಿಮೋಚನಾ ವೇಗಕ್ಕಿಂತ ಜಾಸ್ತಿ. ಬರೀ 4,000ದ ಆವಿಯಿಂದ ಇದು ಬರದು. ಆಮ್ಲಜನಕದ ಜೊತೆ ಅಂಟಿಕೊಂಡಿದ್ದ ಅಣು ಆಮೇಲೆ ಒಡೆಯುವಾಗ ಈ ಹೆಚ್ಚಿನ ಒದೆ ಸಿಗುತ್ತದೆ ಎಂಬುದು ಸದ್ಯದ ವಿವರಣೆ.

ಚಂದ್ರನ ಪಾಲುಪಟ್ಟಿಗೆ ಮಣ್ಣೇ ಸಾಕ್ಷಿ ಹೇಳಿದೆ. ಅಪೋಲೊ ಯಾತ್ರಿಗಳು ತಂದ ಮಾದರಿಗಳಲ್ಲಿ ಪೊಟ್ಯಾಸಿಯಂ, ರುಬಿಡಿಯಂ ಐಸೊಟೋಪುಗಳನ್ನು (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು) ಅಳೆದು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿನ ವಾತಾವರಣದ ಸುಮಾರು ನೂರಕ್ಕೆ 70 ಪಾಲು ಉಲ್ಕಾಬಡಿತದಿಂದ, ಉಳಿದದ್ದು ಸೌರಮಾರುತದಿಂದ.

ಹಂತ 9: ಕಂಡದ್ದಕ್ಕೆ ತಾಳೆ ನೋಡಿ

ಮೊದಲು ಒಂದು ಎಚ್ಚರಿಕೆ. ಹೊಳಪು ಜಾಸ್ತಿ ಆದರೆ ಪರಮಾಣು ಜಾಸ್ತಿ ಆದವು ಅಂತ ಅರ್ಥವಲ್ಲ. ನಾನೂ ಮೊದಲು ಇಲ್ಲೇ ಎಡವಿದ್ದೆ. ಸೋಡಿಯಂ ಹೊಳೆಯುವುದು 589 ನ್ಯಾನೋಮೀಟರಿನ ಹಳದಿ ಬೆಳಕಿನಲ್ಲಿ. ಸೂರ್ಯನ ಬೆಳಕಿನಲ್ಲಿ ಅದೇ ಜಾಗದಲ್ಲಿ ಒಂದು ಕಪ್ಪು ಗೆರೆ ಇದೆ, ಸೂರ್ಯನ ಸ್ವಂತ ಸೋಡಿಯಂ ಆ ಬೆಳಕನ್ನು ನುಂಗಿರುತ್ತದೆ. ಬುಧ ಸೂರ್ಯನ ಕಡೆಗೋ ಆಚೆಗೋ ಸೆಕೆಂಡಿಗೆ 10 ಕಿ.ಮೀ. ವರೆಗೆ ಓಡುವಾಗ ಡಾಪ್ಲರ್ ಪರಿಣಾಮದಿಂದ (ಓಟದಿಂದಾಗಿ ಬೆಳಕಿನ ಬಣ್ಣ ತುಸು ಬದಲಾಗಿ ಕಾಣುವುದರಿಂದ) ಆ ಕಪ್ಪು ಗೆರೆ ಪಕ್ಕಕ್ಕೆ ಸರಿಯುತ್ತದೆ. ಆಗ ಪರಮಾಣುಗಳಿಗೆ ಬೆಳಕು ಜಾಸ್ತಿ ಸಿಕ್ಕಿ ಹೊಳಪು ಏರುತ್ತದೆ. ಪರಮಾಣು ಎಷ್ಟಿದ್ದವೋ ಅಷ್ಟೇ. ಇದನ್ನು ಕಳೆದ ಮೇಲೆ ಉಳಿದ ಏರಿಳಿತಕ್ಕೆ ಮಾತ್ರ ಕಾರಣ ಹುಡುಕಿ.

ಆಮೇಲೆ ಮೂರು ಗುರುತು ನೋಡಿ: ಬದಿ, ಋತು, ದಿನಾಂಕ.

ಬದಿ: ಬುಧದ ಕ್ಯಾಲ್ಸಿಯಂ ಬೆಳಗಿನ ಬದಿಯಲ್ಲೇ ಎದ್ದು ಕಾಣುತ್ತದೆ. ಹಂತ 3ರಲ್ಲಿ ಬರೆದಿಟ್ಟುಕೊಂಡ ಅದೇ ಬದಿ. ಚಂದ್ರನ ಸುತ್ತ ಲಾಡೀ ಕಂಡ ದೂಳಿನ ಮೋಡವೂ ಆ ಕಡೆಗೇ ದಟ್ಟ. ಸುಮಾರು 120 ಕೆ.ಜಿ. ದೂಳು ಅಲ್ಲಿ ಸದಾ ತೇಲುತ್ತಿರುತ್ತದೆ.

ಋತು: ಮೆಸೆಂಜರ್ ಬುಧದ ಸುಮಾರು 17 ವರ್ಷ (ಅಲ್ಲಿ ಒಂದು ವರ್ಷ ಅಂದರೆ 88 ದಿನ) ನೋಡಿತು. ಕ್ಯಾಲ್ಸಿಯಂ ಪ್ರತಿ ವರ್ಷವೂ ಅದೇ ರೀತಿ ಏರಿ ಇಳಿಯಿತು. ಸೂರ್ಯನ ಹತ್ತಿರ ದೂಳು ದಟ್ಟ, ವೇಗ ಜಾಸ್ತಿ, ಹಾಗಾಗಿ ಏರುವುದು ಸಹಜ. ಆದರೆ ಅತಿ ಹತ್ತಿರದ ಬಿಂದು ದಾಟಿ ಕೆಲವು ದಿನಕ್ಕೆ ಇನ್ನೊಂದು ಉಬ್ಬು ಬರುತ್ತಿತ್ತು. ಸದಾ ಸುರಿಯುವ ದೂಳು ಅದನ್ನು ವಿವರಿಸಲಾರದು. 3.3 ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುವ ಎಂಕೆ ಧೂಮಕೇತುವಿನ ದೂಳಿನ ಪಟ್ಟಿಯನ್ನು ಬುಧ ಆಗ ದಾಟುತ್ತದೆ ಎಂಬ ವಿವರಣೆ 2015ರಲ್ಲಿ ಬಂತು. ಭೂಮಿಯಲ್ಲಿ ಟಾರಿಡ್ ಉಲ್ಕಾಮಳೆ ತರುವುದೂ ಇದೇ ಧೂಮಕೇತು.

ದಿನಾಂಕ: ಲಾಡೀ ಇದ್ದ ಸಮಯದಲ್ಲಿ, ಡಿಸೆಂಬರ್ ಮಧ್ಯದ ಜೆಮಿನಿಡ್ ಉಲ್ಕಾಮಳೆಯ ಹೊತ್ತಿಗೆ ಚಂದ್ರನ ಪೊಟ್ಯಾಸಿಯಂ ಏರಿತು.

ಮೂರೂ ಕೂಡಿಬಂದರೆ ಉಲ್ಕೆಯೇ ಕಾರಣ ಎಂದು ಧೈರ್ಯವಾಗಿ ಹೇಳಬಹುದು. ಒಂದೇ ಕೂಡಿಬಂದರೆ ಇನ್ನೂ ಕಾಯಿರಿ. 2018ರಲ್ಲಿ ಹೊರಟ ಬೆಪಿಕೊಲಂಬೊ ನೌಕೆಗಳು 2026ರ ನವೆಂಬರಿನಲ್ಲಿ ಬುಧದ ಕಕ್ಷೆ ಸೇರುವ ಯೋಜನೆ ಇದೆ. ಅವುಗಳಲ್ಲಿ ದೂಳು ಅಳೆಯುವ ಉಪಕರಣವೂ ಇದೆ, ಸೋಡಿಯಂ ಚಿತ್ರ ತೆಗೆಯುವ ಉಪಕರಣವೂ ಇದೆ. ಏಟು ಮತ್ತು ಆವಿ ಎರಡನ್ನೂ ಒಂದೇ ಜಾಗದಿಂದ ನೋಡುವ ಅವಕಾಶ.

ಹಂತ 10: ಈಗ ಆ ಒಂದು ಮೀಟರ್ ಕಲ್ಲು

ಎಲ್ಲ ಸೂತ್ರ ಕೈಯಲ್ಲಿದೆ. ಒಂದು ಮೀಟರ್ ಅಗಲದ ಕಲ್ಲುಗುಂಡಿನ ತೂಕ ಸುಮಾರು ಒಂದೂವರೆ ಟನ್. 20 ಕಿ.ಮೀ. ವೇಗವನ್ನೇ ಹಿಡಿದರೂ ಆವಿ 5 ಟನ್. ಅದರಲ್ಲಿ ಸೋಡಿಯಂ 150 ಕೆ.ಜಿ. ಇಡೀ ಗ್ರಹದ ವಾತಾವರಣವೇ 10 ಟನ್‌ಗಿಂತ ಕಡಿಮೆ ಅಂತ ನೋಡಿದೆವಲ್ಲ, ಅದರ ಪಕ್ಕ ಇಟ್ಟು ನೋಡಿ.

5,300 ಕಿ.ಮೀ. ಏರಲು ಎಷ್ಟು ವೇಗ ಬೇಕು? ಹಂತ 6ರ ಸೂತ್ರವನ್ನು ತಿರುಗಿಸಿ. 5,300ನ್ನು 5,300 ಮತ್ತು 2,440ರ ಮೊತ್ತದಿಂದ ಭಾಗಿಸಿ, ವರ್ಗಮೂಲ ತೆಗೆದು, 4.25ರಿಂದ ಗುಣಿಸಿ. ಸೆಕೆಂಡಿಗೆ 3.5 ಕಿ.ಮೀ. ನಮ್ಮ ಆವಿಯ ಸೋಡಿಯಂ ಸಾಮಾನ್ಯವಾಗಿ 2.1ರಲ್ಲಿ ಓಡುತ್ತದೆ. ಆದರೆ ಬಿಸಿ ಅನಿಲದಲ್ಲಿ ಎಲ್ಲವೂ ಒಂದೇ ವೇಗದಲ್ಲಿ ಇರುವುದಿಲ್ಲ. 4,000 ಕೆಲ್ವಿನ್‌ನಲ್ಲಿ ನೂರಕ್ಕೆ ಮೂರು ನಾಲ್ಕು ಪರಮಾಣುಗಳು 3.5 ದಾಟಿರುತ್ತವೆ. 150 ಕೆ.ಜಿ.ಯಲ್ಲಿ ಅದು ಐದು ಕೆ.ಜಿ. ಆಯಿತು. ಆವಿ ಇನ್ನೂ ಬಿಸಿ ಇದ್ದರೆ ಇನ್ನೂ ಜಾಸ್ತಿ.

ಆ ಐದು ಕೆ.ಜಿ. ಸೋಡಿಯಂ ಕೆಲವು ಗಂಟೆ ಅಲ್ಲಿ ಮೇಲಿತ್ತು. ಬೆಳಕು ಅದನ್ನು ಒಂದೊಂದಾಗಿ ಅಯಾನು ಮಾಡುತ್ತಿತ್ತು. ಮೆಸೆಂಜರ್ ಅದೇ ಹೊತ್ತಿಗೆ ಆ ದಾರಿಯಲ್ಲಿ ಹಾದುಹೋಯಿತು.